ರಸ್ತೆಗೆ ಬಿದ್ದ ಹಕ್ಕಿಯೂ ಊರಿನ ಹೊಣೆಯೂ



ಸಣ್ಣ ಪಟ್ಟಣವೊಂದರ ವೃತ್ತದಲ್ಲಿ ರೆಕ್ಕೆ ಮುರಿದ ನವಿಲೋ ಕೊಕ್ಕರೆಯೋ ಬಿದ್ದರೆ ಬಸ್ಸು, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ, ಜನ ಸುತ್ತುವರಿಯುತ್ತಾರೆ. ಒಬ್ಬರು ಕೊಕ್ಕಿಗೆ ನೀರು ಸುರಿಯುತ್ತಾರೆ, ಇನ್ನೊಬ್ಬರು ಕಾಳು ಎಸೆಯುತ್ತಾರೆ, ಮತ್ತೊಬ್ಬರು ಮೊಬೈಲ್ ಹಿಡಿದು ಸಮೀಪಿಸುತ್ತಾರೆ. ಇದರ ಹಿಂದಿರುವುದು ಕರುಣೆಯೇ. ಆದರೆ ಕಾಡುಹಕ್ಕಿಯ ಕಣ್ಣಿಗೆ ಮನುಷ್ಯರೆಲ್ಲರೂ ಬೇಟೆಗಾರರೇ. ಗಾಯದಿಂದ ಚೇತರಿಸಿಕೊಳ್ಳಬಹುದಾದ ಜೀವವು ಭಯದಿಂದಲೇ ಸಾಯುವುದುಂಟು. ಆದ್ದರಿಂದ ಕರುಣೆಗೆ ವಿವೇಕವೂ ಜೊತೆಯಾಗಬೇಕು.

ಹಕ್ಕಿ ರಸ್ತೆಗೆ ಏಕೆ ಬಂದಿತೆಂಬುದನ್ನು ಮೊದಲು ವಿಚಾರಿಸಬೇಕು. ಚನ್ನಗಿರಿಯ ಸೂಳೆಕೆರೆ, ಹೊನ್ನಾಳಿಯ ತುಂಗಭದ್ರಾ ತೀರ, ನ್ಯಾಮತಿಯ ಗುಡ್ಡಗಳು, ಕೊಂಡುಕುರಿಗಳಿಗಾಗಿ 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಜಗಳೂರಿನ ರಂಗಯ್ಯನದುರ್ಗ: ಇವೆಲ್ಲವೂ ಹಕ್ಕಿಗಳ ನೆಲೆಗಳು. ಇವುಗಳ ನಡುವೆಯೇ ಹೆದ್ದಾರಿಗಳೂ ವಿದ್ಯುತ್ ತಂತಿಗಳೂ ಹಾದುಹೋಗಿವೆ. ಅಗಲ ರೆಕ್ಕೆಯ ಹಕ್ಕಿ ಏಕಕಾಲದಲ್ಲಿ ಎರಡು ತಂತಿಗಳಿಗೆ ತಗುಲಿದರೆ ಉರುಳುತ್ತದೆ. ಸುಗ್ಗಿಯಲ್ಲಿ ಕಣದ ಕೊರತೆಯಿಂದ ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಮೇಲೆಯೇ ಒಣಗಿಸಲಾಗುತ್ತದೆ. ಹಗಲಿನಲ್ಲಿ ಆ ಕಾಳಿಗೆ ನವಿಲು, ಪಾರಿವಾಳಗಳು ಬರುತ್ತವೆ. ರಾತ್ರಿ ಇಲಿಗಳು ಬರುತ್ತವೆ. ಇಲಿಗಳನ್ನು ಅರಸಿ ಗೂಬೆ ಬರುತ್ತದೆ. ಭಾರದ ನವಿಲು ಥಟ್ಟನೆ ಮೇಲೇಳಲಾರದು. ವಾಹನದ ದೀಪಕ್ಕೆ ಗೂಬೆಯ ಕಣ್ಣು ಕೋರೈಸುತ್ತದೆ. ಬೆಳೆ ತಿನ್ನುವ ನವಿಲಿನಿಂದ ರೈತನಿಗೆ ನಷ್ಟವಾಗುವುದೂ ಸತ್ಯವೇ. ಆದರೆ ಆ ಲೆಕ್ಕವನ್ನು ರಸ್ತೆಯಲ್ಲಿ ತೀರಿಸುವಂತಿಲ್ಲ.

ಹಕ್ಕಿ ಬಿದ್ದಾಗ ಮಾಡಬೇಕಾದುದು ಸರಳ. ಇಬ್ಬರು ವಾಹನಗಳನ್ನು ತಡೆಯಲಿ, ಉಳಿದವರು ದೂರ ಸರಿಯಲಿ. ಒಬ್ಬರು ಮಾತ್ರ ಹಿಂಬದಿಯಿಂದ ಬಂದು ದಪ್ಪ ಬಟ್ಟೆಯನ್ನು ಮೇಲೆ ಹೊದಿಸಲಿ. ಕತ್ತಲೆಯಾದೊಡನೆ ಹಕ್ಕಿ ಶಾಂತವಾಗುತ್ತದೆ. ಕೊಕ್ಕರೆಯ ಕೊಕ್ಕು ಕಣ್ಣಿಗೆ ಅಪಾಯಕಾರಿ, ಹದ್ದು ಗೂಬೆಗಳ ಉಗುರು ಕೈಗೆ ಅಪಾಯಕಾರಿ. ಹಕ್ಕಿಗೆ ಮನುಷ್ಯರಂತೆ ವಪೆಯಿಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರಾಟ. ಎದೆಯನ್ನು ಬಿಗಿಯಾಗಿ ಹಿಡಿದರೆ ಉಸಿರುಗಟ್ಟುತ್ತದೆ. ಬಾಯಿಗೆ ನೀರು ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆ, ಕತ್ತಲೆ, ಮೌನ: ಇವೇ ಪ್ರಥಮ ಚಿಕಿತ್ಸೆ. ಬಳಿಕ ಸೋಪಿನಿಂದ ಕೈ ತೊಳೆದುಕೊಳ್ಳಬೇಕು. ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ಪಶುವೈದ್ಯರ ನೆರವಿಲ್ಲದೆ ಮುರಿದ ರೆಕ್ಕೆಗೆ ಕಟ್ಟು ಹಾಕುವುದಾಗಲಿ, ಮನೆಯಲ್ಲಿ ಸಾಕುವುದಾಗಲಿ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರ್ಕಾರದ ಸ್ವತ್ತಾದ ವನ್ಯಜೀವಿ ಯಾರದೇ ವಶಕ್ಕೆ ಬಂದರೂ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ವರದಿ ಮಾಡಬೇಕು.

ಇದು ಹಳ್ಳಿಗರಿಂದ ಆಗದ ಕೆಲಸವೆಂದು ಭಾವಿಸುವವರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೋಡಬೇಕು. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿರಿಸಿ, ಮೀನು ತಿನ್ನಿಸಿ, ಹಾರುವಂತಾದಾಗ ಬಿಡುವ ಕಾರ್ಯವನ್ನು ಊರಿನ ಯುವಕರ ಹೆಜ್ಜಾರ್ಲೆ ಬಳಗವು ಮೈಸೂರಿನ ನಿಸರ್ಗಪ್ರಿಯರ ಸಹಕಾರದಿಂದ ಕೈಗೊಂಡಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಪ್ರತಿ ಶಾಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಒಂದು ದಪ್ಪ ಬಟ್ಟೆ, ಗೋಡೆಯ ಮೇಲೆ ಅರಣ್ಯ ಕಚೇರಿಯ ಮತ್ತು ಪಶುವೈದ್ಯರ ದೂರವಾಣಿ ಸಂಖ್ಯೆ ಇರಲಿ. ಸುಗ್ಗಿಗೆ ಸಾಮೂಹಿಕ ಕಣ ಬೇಕೆಂದು ಗ್ರಾಮಸಭೆಗಳು ಠರಾವು ಮಾಡಲಿ. ಬಿದ್ದ ಹಕ್ಕಿಯನ್ನು ಎತ್ತುವುದರ ಜೊತೆಗೆ, ಮುಂದಿನ ಹಕ್ಕಿ ಬೀಳದಂತೆ ನೋಡಿಕೊಳ್ಳುವುದೂ ಊರಿನದೇ ಹೊಣೆ.