ತೂಕಕ್ಕೆ ಬಾರದ ಕೆಲಸ
(ಕಾರ್ಮಿಕರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸೀಮೆಸುಣ್ಣದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿರಿ, ತಡೆದುಕೊಳ್ಳುತ್ತದೆ. ಎರಡು ತುದಿ ಹಿಡಿದು ಬಗ್ಗಿಸಿರಿ, ಪಟ್ಟನೆ ಮುರಿಯುತ್ತದೆ. ಶಾಲೆಯಲ್ಲಿ ಹುಡುಗರು ದಿನಕ್ಕೆ ಹತ್ತು ಮುರಿಯುತ್ತಿದ್ದರು! ಕಾಂಕ್ರೀಟಿನ ಗುಣವೂ ಅದೇ. ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಅದು ಎಳೆತವನ್ನು ತಾಳಬಲ್ಲುದು. ಆ ಕೊರತೆಯನ್ನು ತುಂಬುವುದೇ ಉಕ್ಕಿನ ಸರಳು.

ಆದರೆ ಸರಳು ಇದ್ದರೆ ಸಾಲದು, ಇರಬೇಕಾದ ಕಡೆ ಇರಬೇಕು. ಎರಡು ಗೋಡೆಗಳ ನಡುವಣ ತಾರಸಿಗೆ ಎಳೆತ ತಳದಲ್ಲಿ, ಸರಳೂ ಅಲ್ಲೇ. ನಿಮ್ಮ ಅಂಗಡಿಯ ಮುಂದೆ ಚಾಚಿರುವ ಸಜ್ಜಕ್ಕೆ ಎಳೆತ ಮೇಲ್ಭಾಗದಲ್ಲಿ. ಕಾಂಕ್ರೀಟು ಸುರಿಯುವವರು ಆ ಸರಳನ್ನು ತುಳಿದು ಕೆಳಗಿಳಿಸಿದರೋ, ಹಲಗೆ ಬಿಚ್ಚಿದ ದಿನವೇ ಸಜ್ಜ ನೆಲಕ್ಕೆ ಬಂದೀತು. ಇನ್ನು ಸರಳಿನ ಅಡಿಗೆ ಗಾರೆಯ ಬಿಲ್ಲೆ ಇಟ್ಟು ಹಲಗೆಯಿಂದ ಎತ್ತಿ ಹಿಡಿಯಬೇಕು. ತಾರಸಿಗೆ ಸಾಮಾನ್ಯವಾಗಿ 20 ಮಿಲಿಮೀಟರು, ಕಂಬಕ್ಕೆ 40. ಬಿಲ್ಲೆಯಿಲ್ಲದೆ ಹಲಗೆಯ ಮೇಲೆ ಮಲಗಿದ ಸರಳಿಗೆ ತೇವ ತಗಲಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಉಕ್ಕಿಗಿಂತ ಹೆಚ್ಚು ಜಾಗ ಬೇಕು. ಅದು ಕಾಂಕ್ರೀಟನ್ನು ಒಡೆದೇ ಜಾಗ ಮಾಡಿಕೊಳ್ಳುತ್ತದೆ.

ಈಗ ಕೂಲಿಯ ಮಾತು. ಸರಳು ಕಟ್ಟುವವನಿಗೆ ಅನೇಕ ಕಡೆ ಕೊಡುವುದು ತೂಕದ ಮೇಲೆ, ಟನ್ನಿಗೆ ಇಷ್ಟೆಂದು. 12 ಮಿಲಿಮೀಟರು ದಪ್ಪದ, 12 ಮೀಟರು ಉದ್ದದ ಸರಳು ಹತ್ತೂವರೆ ಕಿಲೋ ಮೀರುತ್ತದೆ. ಅಂಥವು 90ಕ್ಕಿಂತ ಹೆಚ್ಚು ಸೇರಿದರೆ ಒಂದು ಟನ್ನು. ಅವನ್ನೆಲ್ಲ ಹೊತ್ತು, ಕತ್ತರಿಸಿ, ಬಗ್ಗಿಸಿ, ಸುಡುವ ಕಬ್ಬಿಣದ ಮೇಲೆ ಕುಕ್ಕರಗಾಲಲ್ಲಿ ಕೂತು ತಂತಿ ಬಿಗಿಯಬೇಕು. ಸರಳು ತೂಗುತ್ತದೆ; ಬಿಲ್ಲೆ ಇಟ್ಟ ಹೊತ್ತು ತೂಗುವುದಿಲ್ಲ. ಗಜದ ಲೆಕ್ಕದಲ್ಲಿ ನೇಯ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ? ಹೊಟ್ಟೆಯ ಅವಸರಕ್ಕೆ ಬಿಲ್ಲೆ ತಪ್ಪುತ್ತದೆ. ಕೆಲವು ವರ್ಷಗಳಲ್ಲಿ ತಾರಸಿ ಬಿರಿದಾಗ ‘ಕಟ್ಟಿದವನು ಕಳ್ಳ’ ಎನ್ನುತ್ತೇವೆ. ನಾನೂ ಅಂದವನೇ.

ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರಲ್ಲಿ ಕಾನೂನು ಬಂತು, ಕಟ್ಟಡದ ವೆಚ್ಚದಲ್ಲಿ ನೂರಕ್ಕೆ 1ರಂತೆ ನಿಧಿಯೂ ಕೂಡಿತು. ಆದರೆ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ತಿಂಗಳಿಗೊಂದು ಕಟ್ಟಡ, ಕಟ್ಟಡಕ್ಕೊಬ್ಬ ಮೇಸ್ತ್ರಿ. ಅದಕ್ಕೆ ಸಾಕ್ಷಿ ಬರೆಯುವವರು ಯಾರು?

ವರ್ತಕ ಬಂಧುಗಳೆ, ನೀವು ಮಳಿಗೆ ಕಟ್ಟಿಸುವಾಗ ಬಿಲ್ಲೆ ಇಡುವುದಕ್ಕೆ ದಿನಗೂಲಿ ಬೇರೆ ಕೊಡಿ. ಕಾಂಕ್ರೀಟಿನ ಹಿಂದಿನ ಸಂಜೆ ನೀವೇ ಹತ್ತಿ ಸರಳಿನ ಅಡಿಗೆ ಬೆರಳು ತೂರಿಸಿ ನೋಡಿ. ದುಡಿದ ದಿನಗಳನ್ನು ಬರೆದು ಸಹಿ ಹಾಕಿ ಕೊಡಿ. ಗಿರಣಿಯವರ ಕೇರಿಯಲ್ಲಿ ಸರಳು ಕಟ್ಟುವವರು ಇದ್ದೇ ಇದ್ದಾರೆ. ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿಗೆ ಕರೆತನ್ನಿ, ಅರ್ಜಿ ನಾನು ಬರೆದುಕೊಡುತ್ತೇನೆ.