ಒಣಗಿದ ಕಾಲು, ಒಡೆದ ಹಿಮ್ಮಡಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಒದ್ದೆ ನೆಲದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಲ್ಲುವವರು ನಾವು. ಗಿರಣಿಯಲ್ಲಿ ಮಗ್ಗದ ಮುಂದೆ ನಿಂತೇ ಆಯುಷ್ಯ ಸವೆಸಿದ ಹಿರಿಯರೂ ನಮ್ಮೊಳಗಿದ್ದಾರೆ. ಹಿಮ್ಮಡಿ ಒಡೆದರೆ "ಚಳಿಗಾಲ, ಸರಿಹೋಗುತ್ತದೆ" ಎಂದು ಸುಮ್ಮನಾಗುತ್ತೇವೆ. ಸಕ್ಕರೆ ಕಾಯಿಲೆಯವರು ಹಾಗೆ ಸುಮ್ಮನಿರುವಂತಿಲ್ಲ.

ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಕಾಲಿನ ನರಗಳು ಕೆಡುತ್ತವೆ. ಬೆವರು ಬರಿಸುವ ನರ ಕೆಟ್ಟಾಗ ಅಂಗಾಲಿನ ಬೆವರು ಕಡಿಮೆಯಾಗಿ ಚರ್ಮ ಒಣಗುತ್ತದೆ, ಗಡುಸಾಗುತ್ತದೆ, ಬಿರಿಯುತ್ತದೆ. ನೋವು ತಿಳಿಸುವ ನರವೂ ಕೆಟ್ಟಿದ್ದರೆ ಬಿರುಕು ಆಳವಾದದ್ದು ಗೊತ್ತೇ ಆಗುವುದಿಲ್ಲ. ನೋವಿಲ್ಲವೆಂದು ನಾವು ಸಂತೋಷಪಡುತ್ತೇವೆ, ಹೆದರಬೇಕಾದದ್ದು ಅದಕ್ಕೇ. ಕ್ರಿಮಿ ಒಳಹೊಕ್ಕು ಹುಣ್ಣಾಗಿ, ಅದು ಮಾಯದೆ, ಬೆರಳನ್ನೋ ಪಾದವನ್ನೋ ಕತ್ತರಿಸುವ ತನಕ ಹೋಗುವುದುಂಟು. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರು ಕಂಡದ್ದೂ ಇದನ್ನೇ: ನೋವು ತಿಳಿಯದ ಕಾಲನ್ನು ರೋಗಿಯೇ ತುಳಿದು ತುಳಿದು ಹಾಳುಮಾಡಿಕೊಳ್ಳುತ್ತಾನೆ. 1966ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಸಕ್ಕರೆ ಕಾಯಿಲೆಯವರ ಕಾಲಿಗೂ ಅವರು ಅದೇ ಪಾಠ ಹೇಳಿದರು.

ರಾತ್ರಿ ಕೆಲಸ ಮುಗಿದ ಮೇಲೆ ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ತೊಳೆಯೋಣ. ಬಿಸಿಯನ್ನು ಮೊಣಕೈಯಿಂದ ನೋಡಬೇಕು, ಕಾಲನ್ನು ನಂಬುವಂತಿಲ್ಲ. ಬಹಳ ಹೊತ್ತು ನೆನೆಹಾಕಬಾರದು. ಚರ್ಮದ ಸ್ವಂತ ಜಿಡ್ಡು ಹೋಗುತ್ತದೆ. ಮೆಲ್ಲಗೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ವ್ಯಾಸಲೀನು ಹಚ್ಚಬೇಕು. ವ್ಯಾಸಲೀನು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರಿಹೋಗದಂತೆ ತಡೆಯುತ್ತದೆ. ಒಣಕಾಲಿಗೆ ಹಚ್ಚಿದರೆ ಲಾಭ ಕಡಿಮೆ. ಹಿಮ್ಮಡಿ ಗಡುಸಾಗಿದ್ದರೆ ಯೂರಿಯಾ ಶೇಕಡ 10ರಿಂದ 25ರಷ್ಟಿರುವ ಮುಲಾಮನ್ನು ವೈದ್ಯರಲ್ಲಿ ಕೇಳಿ. ಹೊಲದ ಗೊಬ್ಬರವೇ ಎಂದು ನಗಬೇಡಿ, ಆ ಗೊಬ್ಬರವನ್ನು ಹಚ್ಚಲೂ ಬೇಡಿ! ಔಷಧದ ಯೂರಿಯಾ ನೀರನ್ನು ಹಿಡಿದಿಟ್ಟು ಗಡುಸು ಚರ್ಮವನ್ನು ಮೆದು ಮಾಡುತ್ತದೆ.

ಬೆರಳ ಸಂದಿಗೆ ಮಾತ್ರ ಇದಾವುದನ್ನೂ ಹಚ್ಚಕೂಡದು. ಒದ್ದೆಯಲ್ಲಿ ನಿಂತು ಅಲ್ಲಿ ಮೊದಲೇ ಬೆಳ್ಳಗೆ ಕೊಳೆತಿರುತ್ತದೆ. ಅದನ್ನು ಪೂರ್ತಿ ಒಣಗಿಸಬೇಕು. ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿರಿ, ಇಲ್ಲವಾದರೆ ಜಾರಿ ಬಿದ್ದೀರಿ. ಒಡಕನ್ನು ಬ್ಲೇಡಿನಿಂದ ಕೆತ್ತುವುದು, ಬಿಸಿ ಮೇಣ ತುಂಬುವುದು ಖಂಡಿತ ಬೇಡ.

ಅಂಗಾಲು ತನಗೆ ತಾನೇ ಕಾಣುವುದು ಕಷ್ಟ. ಖೋಲಿಯಲ್ಲಿ ಆರೇಳು ಜನ ಒಟ್ಟಿಗೆ ಮಲಗುತ್ತೇವಷ್ಟೆ. ಒಬ್ಬರ ಪಾದ ಇನ್ನೊಬ್ಬರು ನೋಡಲು ನಾಚಿಕೆ ಏಕೆ? ರಕ್ತ, ಕೀವು, ಕೆಂಪು, ಬಾವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಜೆ ಸಿಗದು ಎಂಬುದು ನಮಗೂ ಗೊತ್ತು. ಧಣಿಗಳಲ್ಲಿ ಮಾತಾಡಲು ಸಂಘದಿಂದ ನಾವು ಜೊತೆಗೆ ಬರುತ್ತೇವೆ.