ರಾಜಭಂಡಾರವೂ ಸೇವಕಧರ್ಮವೂ

(ಸುವರ್ಣ ಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

ವ್ಯಾಕರಣ ತರ್ಕಗಳಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಸರಕಾರದ ಆಯವ್ಯಯದ ಗೊಡವೆಯೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಈ ವಿಷಯವು ನಮ್ಮ ಪಾಠಶಾಲೆಯ ಬಾಗಿಲಿಗೇ ಬಂದು ನಿಂತುದರಿಂದ ಮಾತನಾಡದೆ ಇರುವದು ಸಾಧ್ಯವಾಗಲಿಲ್ಲ.

ಮಠಕ್ಕೆ ಬರುವ ಭಕ್ತರ ಬಾಯಿಂದ ನಾನು ಮೂವತ್ತು ವರ್ಷಗಳಿಂದ ಎರಡು ಮಾತುಗಳನ್ನು ಕೇಳುತ್ತ ಬಂದಿರುವೆನು. ಸರಕಾರಿ ನೌಕರರಿಗೆ ಕೆಲಸ ಕಡಿಮೆ, ಪಗಾರ ಹೆಚ್ಚು, ರಜೆ ಹೆಚ್ಚು, ನಿವೃತ್ತಿಯಾದ ಮೇಲೂ ಜೀವವಿರುವವರೆಗೆ ವೇತನ. ನಾವು ಕೊಟ್ಟ ಕಂದಾಯವೆಲ್ಲ ಇವರ ಸೌಖ್ಯಕ್ಕೇ ತೀರಿಹೋಗುವದು ಎಂಬದು ಒಂದು. ಅಜ್ಜಾರೇ, ಮಗನಿಗೆ ಒಂದು ಸರಕಾರಿ ನೌಕರಿ ಸಿಗುವಂತೆ ಆಶೀರ್ವಾದ ಮಾಡಬೇಕು ಎಂಬದು ಇನ್ನೊಂದು. ಎರಡೂ ಮಾತುಗಳು ಒಂದೇ ಬಾಯಿಂದ, ಎಷ್ಟೋ ಸಲ ಒಂದೇ ಭೇಟಿಯಲ್ಲಿ ಬರುವವು. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಮಳೆಯನ್ನೂ ಪೇಟೆಯ ದರವನ್ನೂ ನಂಬಿ ಕೆಟ್ಟ ಒಕ್ಕಲಿಗನು ತನ್ನ ಮಗನಿಗೆ ಕೆಡದ ಅನ್ನವನ್ನು ಬಯಸುವದರಲ್ಲಿ ತಪ್ಪೇನು? ಆದರೆ ತಾನು ಬಯಸುವದನ್ನೇ ಪರರಲ್ಲಿ ಕಂಡು ಕುದಿಯುವ ಮನಸ್ಸು ದೋಷವನ್ನು ಸರಿಯಾದ ಸ್ಥಾನದಲ್ಲಿ ಹುಡುಕಲಾರದು.

ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಿಂದ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೇವಕರ ವೇತನದ ಪ್ರಕರಣವೊಂದು ಇರುವದು. ಭೃತ್ಯವರ್ಗದ ವೆಚ್ಚವು ರಾಜ್ಯದ ಆದಾಯದ ಕಾಲುಭಾಗದಷ್ಟಿರಬೇಕೆಂದು ಅಲ್ಲಿ ವಿಧಿಸಿದೆ. ದೊಡ್ಡ ಅಧಿಕಾರಿಗೆ ಆಮಿಷಕ್ಕೆ ಒಳಗಾಗದಷ್ಟು ಸಂಬಳ ಬೇಕೆಂದಿದೆ. ಕರ್ತವ್ಯದಲ್ಲಿ ಮಡಿದವನ ಹೆಂಡಿರು ಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕೆಂದೂ ಇದೆ. ಇಂದಿನ ಕುಟುಂಬವೇತನದ ಮೂಲತತ್ತ್ವವು ಇದೇ ಅಲ್ಲವೆ? ಆದ್ದರಿಂದ ಸೇವಕನಿಗೆ ತುಂಬು ವೇತನವನ್ನೂ ಮುಪ್ಪಿನಲ್ಲಿ ಆಧಾರವನ್ನೂ ಕೊಡುವದೇ ದುಂದುಗಾರಿಕೆಯೆಂದು ಸಿದ್ಧಾಂತ ಮಾಡಲು ನಾನು ಒಪ್ಪಲಾರೆನು. ಈ ರಾಜ್ಯದಲ್ಲಿ 7ನೆಯ ವೇತನ ಆಯೋಗದ ಶಿಫಾರಸಿನಂತೆ 2024ನೆಯ ಇಸವಿ ಆಗಸ್ಟ್ 1ರಿಂದ ಅತ್ಯಂತ ಕೆಳಗಿನ ನೌಕರನ ಮೂಲವೇತನವು 17,000 ರೂಪಾಯಿಗಳಿಂದ 27,000ಕ್ಕೆ ಏರಿತು. ಪಟ್ಟಣದಲ್ಲಿ ಮನೆಬಾಡಿಗೆ ಕೊಟ್ಟು ಮಕ್ಕಳನ್ನು ಓದಿಸುವ ಜವಾನನಿಗೆ ಇದು ಐಶ್ವರ್ಯವೆಂದು ಯಾರು ಹೇಳಿಯಾರು?

ಹಾಗಾದರೆ ಜನರ ಸಂಕಟವು ಸುಳ್ಳೋ? ಸುಳ್ಳಲ್ಲ. ಅದರ ಮೂಲವು ಬೇರೆಡೆಯಲ್ಲಿರುವದು.

ಮೊದಲು ಕಚೇರಿಯ ಒಳಗನ್ನೇ ನೋಡಿರಿ. ಒಂದೇ ಸೂರಿನ ಕೆಳಗೆ ಎರಡು ಜಾತಿಯ ಸೇವಕರು ಇರುವರು. ಒಬ್ಬನಿಗೆ ಕಾಯಂ ಹುದ್ದೆ, ವರುಷವರುಷದ ಬಡತಿ, ಗಳಿಕೆ ರಜೆ. ಅವನ ಪಕ್ಕದ ಮೇಜಿನಲ್ಲಿ ಅದೇ ಕಾಗದವನ್ನು ಬರೆಯುವ ಇನ್ನೊಬ್ಬನು ಗುತ್ತಿಗೆಯವನು. ಮುಂದಿನ ವರ್ಷ ತಾನಿರುವೆನೋ ಇಲ್ಲವೋ ಅರಿಯನು. ಅಂಗನವಾಡಿಯ ತಾಯಂದಿರಿಗೂ ಆಶಾ ಕಾರ್ಯಕರ್ತೆಯರಿಗೂ ಕೊಡುವದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಅದಕ್ಕೆ ಗೌರವಧನವೆನ್ನುವರು. (ಧನವು ಸಾಲದಾದಾಗ ಗೌರವವನ್ನು ಕೂಡಿಸಿ ತೂಕ ಸರಿಮಾಡುವ ಈ ಉಪಾಯವನ್ನು ಕಂಡುಹಿಡಿದವನು ಒಳ್ಳೆಯ ವೈಯಾಕರಣನೇ ಇರಬೇಕು.) ಕಾಯಂ ನೌಕರರಲ್ಲಿಯೂ ಭೇದವುಂಟು. ಈ ರಾಜ್ಯದಲ್ಲಿ 2006ನೆಯ ಇಸವಿ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವನಿಗೆ ಹಳೆಯ ಪಿಂಚಣಿ. ಆ ದಿನ ಮತ್ತು ಅನಂತರ ಸೇರಿದವರಿಗೆ ತಮ್ಮ ಪಗಾರದಿಂದಲೂ ಹಣ ಕಡಿದು ಪೇಟೆಯಲ್ಲಿ ತೊಡಗಿಸುವ ಹೊಸ ಪದ್ಧತಿ ಬಂದಿತು. ಸಾಯಂಕಾಲದವರೆಗೆ ದುಡಿಯುವವನಿಗೂ ಮಧ್ಯಾಹ್ನವೇ ಎದ್ದು ಹೋಗುವವನಿಗೂ ಬಡತಿಯು ಒಂದೇ ದಿನ, ಒಂದೇ ಅಳತೆಯಲ್ಲಿ ಬರುವಾಗ, ಪ್ರಾಮಾಣಿಕನ ಮನಸ್ಸಿನಲ್ಲಿ ಏನು ನಡೆಯುವದೆಂಬದನ್ನು ನಾನು ನಮ್ಮ ಹಳೆಯ ವಿದ್ಯಾರ್ಥಿಗಳ ಮುಖದಲ್ಲಿ ಓದಿರುವೆನು. ಸವಲತ್ತು ಅವರನ್ನು ಕೆಡಿಸಲಿಲ್ಲ. ಕೆಲಸ ಮಾಡಿದರೂ ಬಿಟ್ಟರೂ ಕೇಳುವವರಿಲ್ಲ ಎಂಬದು ಕೆಡಿಸಿತು.

ಕಟ್ಟಡಗಳ ಮಾತನ್ನು ಸಂಕ್ಷೇಪವಾಗಿ ಹೇಳುವೆನು. ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ಸರಕಾರದ ಕೆಲಸವು ದೇವರ ಕೆಲಸವೆಂದು ಕೆತ್ತಿರುವದನ್ನು ತಾವೆಲ್ಲರೂ ಬಲ್ಲಿರಿ. ಬೆಳಗಾವಿಯಲ್ಲಿ 2012ನೆಯ ಇಸವಿ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ ಮುಖರ್ಜಿಯವರಿಂದ ಉದ್ಘಾಟಿತವಾದ ಸುವರ್ಣ ವಿಧಾನಸೌಧವು ನಮ್ಮ ಸೀಮೆಯ ಅಭಿಮಾನದ ಸಂಗತಿಯೇ ಸರಿ. ಆದರೆ ಶಾಸನಸಭೆಗಳು ಅಲ್ಲಿ ಕೂಡುವದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಎರಡು ವಾರಗಳಷ್ಟು. ವರ್ಷದಲ್ಲಿ ಎರಡು ವಾರ ದೀಪ ಹಚ್ಚುವ ಗುಡಿಯನ್ನು ಯಾವ ಊರಿನವರು ದೇವರ ಕೆಲಸವೆಂದಾರು? ಅಭಿಮಾನಕ್ಕಾಗಿ ಕಟ್ಟಿದುದನ್ನು ಉಪಯೋಗಕ್ಕೆ ತರಬೇಕೆಂದು ಕೇಳುವದೂ ಅಭಿಮಾನದ ಲಕ್ಷಣವೇ ಆಗಿರುವದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಕೌಟಿಲ್ಯನು ಅಧ್ಯಕ್ಷರು ರಾಜಧನವನ್ನು ಅಪಹರಿಸುವ ಉಪಾಯಗಳನ್ನು ಎಣಿಸಿ ನಲವತ್ತೆಂದನು. ಅವೆಲ್ಲವೂ ಕಳ್ಳತನದ ಬಗೆಗಳು. ಕಳ್ಳತನವಿಲ್ಲದೆ, ಪೈಸೆಪೈಸೆಗೂ ರಸೀದಿಯಿದ್ದು, ಕಾಯಿದೆಗೆ ಒಪ್ಪುವಂತೆ ಹಣವನ್ನು ನೀರುಪಾಲು ಮಾಡುವ ಬಗೆಯೊಂದು ನಮ್ಮ ಕಾಲದಲ್ಲಿ ಬೆಳೆದಿರುವದು. ಅದರ ಹೆಸರು ಮಾರ್ಚ್ ತಿಂಗಳು.

ಶಾಸನಸಭೆಯು ಒಂದು ವರ್ಷಕ್ಕೆಂದು ಮಂಜೂರು ಮಾಡಿದ ಹಣವು ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಅದರ ಅಧಿಕಾರವು ರದ್ದಾಗುವದು. ನಿಯಮದ ಉದ್ದೇಶವು ಒಳ್ಳೆಯದು. ಸಭೆಯ ಒಪ್ಪಿಗೆಯಿಲ್ಲದೆ ಹಣವನ್ನು ಯಾರೂ ಹಿಡಿದಿಟ್ಟುಕೊಳ್ಳಬಾರದೆಂಬದು. ಆದರೆ ಉಳಿಸಿದವನಿಗೆ ಮುಂದಿನ ವರ್ಷ ಇಷ್ಟು ಬೇಡವೆಂದು ತಿಳಿದು ಕಡಿಮೆ ಕೊಡುವ ವಾಡಿಕೆಯೂ ಬೆಳೆದುದರಿಂದ, ಮಿತವ್ಯಯವು ದಂಡನೆಗೂ ದುರ್ವ್ಯಯವು ಬಹುಮಾನಕ್ಕೂ ಪಾತ್ರವಾಗಿರುವವು. ಕೇಂದ್ರ ಸರಕಾರದ 2017ರ ಹಣಕಾಸು ನಿಯಮಗಳಲ್ಲಿ ವರ್ಷಾಂತ್ಯದ ಅವಸರದ ಖರ್ಚು ಆರ್ಥಿಕ ಔಚಿತ್ಯದ ಉಲ್ಲಂಘನವೆಂದು ಸ್ಪಷ್ಟವಾಗಿ ಬರೆದಿದೆ. ಸಾಮಾನ್ಯ ವಿವೇಕಿಯು ಸ್ವಂತ ಹಣದಲ್ಲಿ ತೋರುವ ಎಚ್ಚರವನ್ನೇ ನೌಕರನು ಸಾರ್ವಜನಿಕ ಹಣದಲ್ಲಿ ತೋರಬೇಕೆಂದೂ ಇದೆ. ಸೂತ್ರವುಂಟು, ವೃತ್ತಿಯಲ್ಲಿ ಅದರ ಸುಳಿವಿಲ್ಲ.

ಈಗ ನನ್ನ ತಪ್ಪನ್ನು ನಿವೇದಿಸುವೆನು. ಕೆಲವು ವರ್ಷಗಳ ಕೆಳಗೆ ಮಾರ್ಚ್ ಕೊನೆಯ ವಾರದಲ್ಲಿ ಒಂದು ಕಚೇರಿಯಿಂದ ನನಗೆ ಫೋನು ಬಂದಿತು. ಪಾಠಶಾಲೆಗೆ ಪೀಠೋಪಕರಣಗಳನ್ನು ಕೊಡುವೆವು, ಎರಡು ದಿನದಲ್ಲಿ ಪಡೆದುದಾಗಿ ಸಹಿ ಮಾಡಿ ಕಳಿಸಿರಿ ಎಂದರು. ನಮ್ಮ ಮಕ್ಕಳು ಚಾಪೆಯ ಮೇಲೆ ಕುಳಿತು ಓದುವವರು. ನಮಗೆ ಬೇಕಾದುದು ಓಲೆಗರಿಗಳ ಕೋಣೆಯ ಮೇಲೆ ಸೋರುವ ಮಾಳಿಗೆಗೆ ದುರಸ್ತಿ. ಹಾಗೆಂದು ಬಿನ್ನವಿಸಿದೆನು. ದುರಸ್ತಿಯ ಶೀರ್ಷಿಕೆಯಲ್ಲಿ ಹಣವಿಲ್ಲ, ಕುರ್ಚಿಯ ಶೀರ್ಷಿಕೆಯಲ್ಲಿ ಇದೆ, ಬೇಡವೆಂದರೆ ಹಣ ವಾಪಸು ಹೋಗುವದು, ಮುಂದಿನ ಸಲ ನಿಮ್ಮ ಹೆಸರೂ ಪಟ್ಟಿಯಲ್ಲಿರದು ಎಂದು ಆ ಗುಮಾಸ್ತನು ವಿನಯದಿಂದಲೇ ತಿಳಿಸಿದನು. ಅವನದೇನೂ ದೋಷವಿಲ್ಲ. ನಾನು ಸಹಿ ಮಾಡಿದೆನು. ನಲವತ್ತು ಕುರ್ಚಿಗಳು ಬಂದವು. ಅವುಗಳನ್ನು ಇಡಲು ಬೇರೆ ಸ್ಥಳವಿಲ್ಲದೆ ಓಲೆಗರಿಗಳ ಕೋಣೆಯಲ್ಲಿಯೇ ಪೇರಿಸಿದೆವು. ಆ ಆಷಾಢದ ಮಳೆಗೆ ಮಾಳಿಗೆಯು ಮತ್ತಷ್ಟು ಸೋರಿ, ಕುರ್ಚಿಗಳ ಹಿಂದೆ ಕೈಯೂ ಹೋಗದ ಮೂಲೆಯಲ್ಲಿದ್ದ ಮೂರು ಕಟ್ಟುಗಳು ಒದ್ದೆಯಾಗಿ ಅಂಟಿಕೊಂಡವು. ಅವುಗಳಲ್ಲಿ ಒಂದನ್ನು ಮಾತ್ರ ಬಿಡಿಸಲು ಸಾಧ್ಯವಾಯಿತು. ಯಾವ ಲೆಕ್ಕತಪಾಸಣೆಯಲ್ಲಿಯೂ ಈ ನಷ್ಟವು ಕಾಣದು. ಕುರ್ಚಿಗಳನ್ನು ಎಣಿಸಿದರೆ ನಲವತ್ತೂ ಇರುವವು.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ ಅರಸನ ಧನವನ್ನು ಜಂಗಮರಿಗೆ ಸುರಿದರೆಂದು ಕೊಂಡೆಯವರು ದೂರಿದುದನ್ನೂ, ಭಂಡಾರವನ್ನು ಎಣಿಸಲಾಗಿ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂಬದನ್ನೂ ಪುರಾಣಗಳಲ್ಲಿ ಕೇಳಿರುವೆವು. ನಾವು ಪವಾಡವನ್ನು ಕೊಂಡಾಡುವೆವು. ಭಂಡಾರಿಯು ಬೀಗದ ಕೈಯನ್ನು ಮುಂದಿಟ್ಟು ಎಣಿಸಿಕೊಳ್ಳಿರಿ ಎಂದು ನಿಂತ ಆ ಗಳಿಗೆಯನ್ನು ಅಷ್ಟಾಗಿ ನೆನೆಯುವದಿಲ್ಲ. ಇಂದು ಎಣಿಸುವದಕ್ಕೆ ಸಂವಿಧಾನವೇ ನೇಮಿಸಿದ ಮಹಾಲೇಖಪಾಲರಿರುವರು. ಅವರ ವರದಿಗಳು ಶಾಸನಸಭೆಯ ಮೇಜಿಗೆ ಬರುವವು. ಅವುಗಳನ್ನು ನಮ್ಮ ಪಡಸಾಲೆಯಲ್ಲಿ ಎಂದಾದರೂ ಓದಿಸಿರುವೆವೇ? ಗ್ರಾಮಸಭೆಯಲ್ಲಿ ಪಂಚಾಯತಿಯ ಖರ್ಚಿನ ಪಟ್ಟಿಯನ್ನು ಓದುವಾಗ ನಮ್ಮಲ್ಲಿ ಎಷ್ಟು ಜನ ಕುಳಿತಿರುವರು?

ಮಾಳಿಗೆಯನ್ನು ಮರುವರ್ಷ ಭಕ್ತರೇ ದುರಸ್ತಿ ಮಾಡಿಸಿಕೊಟ್ಟರು. ಕಳೆದ ಮಾರ್ಚಿನಲ್ಲಿ ಮತ್ತೊಮ್ಮೆ ಅಂಥದೇ ಕರೆ ಬಂದಿತು, ಈ ಸಲ ಬೀರುಗಳು. ನಮಗೆ ಬೀರುಗಳ ಅಗತ್ಯವಿಲ್ಲ, ಈ ಹಣವು ಬೇಕಾದ ಸಾಲೆಗೆ ಹೋಗಲಿ ಎಂದು ಬರೆದು ಕಳಿಸಿದೆನು. ನಮ್ಮ ಕಾರ್ಯದರ್ಶಿಗಳು ಮುಂದಿನ ಅನುದಾನವೇ ನಿಂತುಹೋದೀತೆಂದು ಆತಂಕಪಟ್ಟು ಕಾಗದವನ್ನು ಶ್ರೀಗಳವರ ಸನ್ನಿಧಿಗೆ ಒಯ್ದರು. ಶ್ರೀಗಳವರು ಓದಿಸಿ ಕೇಳಿ, ನಿಂತರೆ ನಿಲ್ಲಲಿ ಎಂದು ಅಪ್ಪಣೆ ಕೊಡಿಸಿದರು. ಆ ಕಾಗದಕ್ಕೆ ಉತ್ತರವು ಇನ್ನೂ ಬಂದಿಲ್ಲ.